ಓದುಗರ ಪ್ರಶ್ನೆಗೆ ಉತ್ತರ: ಬೈಬಲ್ ಕ್ಲಾಸಿಗೆ ಮೊಬೈಲ್ ಬಂದ ಮೇಲೆ

ಹೈಸ್ಕೂಲಿನ ಕ್ರೈಸ್ತ ಧರ್ಮ ಶಿಕ್ಷಣದ ಪೀರಿಯಡ್‌ನಲ್ಲಿ ಮೊಬೈಲ್ ಆ್ಯಪ್ ಬಳಸುವ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ಟೀಚರ್‌ಗಳು, ಅಪ್ಪ ಅಮ್ಮಂದಿರು, ಮಕ್ಕಳು ಎಲ್ಲರೂ ಬರೆದಿದ್ದಾರೆ. ಒಂದೇ ವಿಷಯವಾದ್ದರಿಂದ ಒಟ್ಟಿಗೇ ಇಟ್ಟುಕೊಂಡು ಉತ್ತರಿಸುತ್ತೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ.

ಪ್ರಶ್ನೆ: ಮೇಡಂ, ನಾನು ಹೈಸ್ಕೂಲಿನಲ್ಲಿ ಧರ್ಮ ಶಿಕ್ಷಣ ಕಲಿಸುತ್ತೇನೆ. ಈ ವರ್ಷ ನಮ್ಮ ಹೆಡ್‌ಮೇಷ್ಟ್ರು ಕ್ಲಾಸಿನಲ್ಲಿ ಮೊಬೈಲ್ ಬಳಸಲು ಒಪ್ಪಿದ್ದಾರೆ. ಆದರೆ ಆ್ಯಪ್‌ಗಳು ಲೆಕ್ಕವಿಲ್ಲದಷ್ಟು ಇವೆ, ಯಾವುದನ್ನು ಹಿಡಿಯಲಿ ಗೊತ್ತಾಗುತ್ತಿಲ್ಲ. ಮಕ್ಕಳು ಒಮ್ಮೆ ಫೋನ್ ತೆಗೆದರೆ ಮತ್ತೆ ತಲೆ ಎತ್ತುವುದೇ ಇಲ್ಲ.

ಉತ್ತರ: ಆ್ಯಪ್ ಹುಡುಕುವುದನ್ನು ಸ್ವಲ್ಪ ಬದಿಗಿಡಿ ಟೀಚರ್. ಮೊದಲು ನಾಳೆಯ ಪಾಠ ಯಾವುದು ನೋಡಿ. ಆ ಪಾಠದಲ್ಲಿ ಮಕ್ಕಳಿಗೆ ಎಲ್ಲಿ ಅರ್ಥ ಆಗುವುದಿಲ್ಲ, ಅಲ್ಲಿಗೆ ಮಾತ್ರ ಫೋನ್ ಬೇಕು.

ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನೇ ತೆಗೆದುಕೊಳ್ಳಿ, ಲೂಕ 10:25-37. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದ ಒಬ್ಬನನ್ನು ಯಾಜಕನೂ, ದೇವಾಲಯದ ಸೇವೆಯ ಲೇವಿಯನೂ ನೋಡಿ ದಾಟಿ ಹೋಗುತ್ತಾರೆ, ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ನಿಂತು ಸಹಾಯ ಮಾಡುತ್ತಾನೆ. ಮಕ್ಕಳು ಅದನ್ನು ಚಿಕ್ಕಂದಿನಿಂದ ಕೇಳಿರುತ್ತಾರೆ, ಅದಕ್ಕೇ ಈಗ ಕಿವಿಗೆ ಬೀಳುವುದಿಲ್ಲ. ಒಬ್ಬ ಮನುಷ್ಯ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ ಎಂದು ಕಥೆ ಶುರುವಾಗುತ್ತದೆ. 'ಇಳಿದು' ಎನ್ನುವುದನ್ನು ಯಾರೂ ಗಮನಿಸುವುದಿಲ್ಲ. ಈಗ ಗೂಗಲ್ ಅರ್ಥ್ ತೆರೆಯಿರಿ. ಯೆರೂಸಲೇಮ್ ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ. ಯೆರಿಕೋ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಅಂದರೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಒಂದು ಸಾವಿರ ಮೀಟರ್ ಇಳಿಜಾರು. ಮಕ್ಕಳು ಬೆರಳಲ್ಲಿ ಆ ಬೋಳು ಗುಡ್ಡಗಳನ್ನು, ಕಣಿವೆಗಳನ್ನು, ತಿರುವುಗಳನ್ನು ಸರಿಸುತ್ತಾ ಹೋಗಲಿ. ಕಳ್ಳರು ಎಲ್ಲಿ ಅಡಗಿರಬಹುದು ಎಂದು ಕೇಳಿ. ಯಾಜಕನೂ ಲೇವಿಯನೂ ಯಾಕೆ ನಿಲ್ಲಲಿಲ್ಲ, ಬರೀ ಕಲ್ಲೆದೆಯಾ, ಇಲ್ಲ ಭಯಾನಾ? ಆ ದಾರಿ ಕಣ್ಣಿಗೆ ಬಿದ್ದ ಮೇಲೆ ಮಕ್ಕಳು ಕೊಡುವ ಉತ್ತರವೇ ಬೇರೆ. ಸಮಾರ್ಯದವನೂ ಅದೇ ದಾರಿಯಲ್ಲಿ ಹೋಗುತ್ತಿದ್ದ, ಅವನಿಗೂ ಅದೇ ಭಯ ಇತ್ತು, ಆದರೂ ನಿಂತ ಎನ್ನುವುದನ್ನು ಆಗ ಅವರೇ ಹೇಳುತ್ತಾರೆ.

ಇದಕ್ಕೆಲ್ಲ ಐದಾರು ನಿಮಿಷ ಸಾಕು. ಆಮೇಲೆ ಫೋನ್ ಮಗುಚಿ ಮೇಜಿನ ಮೇಲೆ. 'ನಮ್ಮ ಶಾಲೆಯಲ್ಲಿ ನಾವು ಯಾರನ್ನು ನೋಡಿಯೂ ನೋಡದ ಹಾಗೆ ದಾಟಿ ಹೋಗುತ್ತೇವೆ?' ಎಂಬ ಮಾತಿಗೆ ಯಾವ ಆ್ಯಪ್ಪೂ ಬೇಕಿಲ್ಲ. ಅದಕ್ಕೆ ಬೇಕಾಗಿರುವುದು ನೀವು, ಮಕ್ಕಳು ಮತ್ತು ಸಮಯ. ಥಾಮಸ್ ಗ್ರೂಮ್ ಎಂಬ ಧರ್ಮ ಶಿಕ್ಷಣ ತಜ್ಞರು 1980ರಲ್ಲೇ ಇಂಥದ್ದೊಂದು ದಾರಿ ಹಾಕಿಕೊಟ್ಟಿದ್ದಾರೆ. ಮಕ್ಕಳ ಬದುಕಿನಿಂದ ಶುರು ಮಾಡಿ, ಅಲ್ಲಿಂದ ಬೈಬಲ್ ಕಥೆಗೆ ಹೋಗಿ, ಮತ್ತೆ ಬದುಕಿಗೇ ಬರಬೇಕು ಎನ್ನುವುದು ಅದರ ಹುರುಳು. ಫೋನ್ ಕೆಲಸಕ್ಕೆ ಬರುವುದು ಆ ನಡುವಿನ ಭಾಗದಲ್ಲಿ.

ತಲೆ ಎತ್ತದ ವಿಷಯಕ್ಕೆ ಬರೋಣ. ಒಮ್ಮೆ ಗಮನ ಬೇರೆಡೆ ಹೋದರೆ ಮಕ್ಕಳು ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎಂದು ಯುನೆಸ್ಕೋದ 2023ರ ಶಿಕ್ಷಣ ವರದಿ ಹೇಳುತ್ತದೆ. ನಿಮ್ಮ ಪೀರಿಯಡ್ಡೇ ನಲವತ್ತು ನಿಮಿಷ ಇರಬಹುದು, ಅರ್ಧ ಹೋಯಿತಲ್ವಾ. ಅದಕ್ಕೆ ಫೋನ್ ಯಾವಾಗ ತೆಗೆಯಬೇಕು, ಯಾವಾಗ ಮಗುಚಬೇಕು ಎಂದು ಮೊದಲೇ ಹೇಳಿಬಿಡಿ. ಬೇಕಾದ ಪಠ್ಯವನ್ನು ಮುಂಚೆಯೇ ಡೌನ್‌ಲೋಡ್ ಮಾಡಿಸಿಟ್ಟರೆ ಓದುವ ಹೊತ್ತಿನಲ್ಲಿ ಫ್ಲೈಟ್ ಮೋಡ್ ಹಾಕಿಸಬಹುದು. ಇಬ್ಬರಿಗೆ ಒಂದು ಫೋನ್ ಕೊಟ್ಟರೆ ಇನ್ನೂ ಒಳ್ಳೆಯದು, ಪಕ್ಕದವರು ನೋಡುತ್ತಿರುವಾಗ ಕಳ್ಳಾಟ ಕಡಿಮೆ.

ಆ್ಯಪ್ ಯಾವುದು ಅಂದಿರಿ. ಓದಲು ಒಂದು, ಪರಿಚಯಕ್ಕೆ ಒಂದು, ಅಭ್ಯಾಸಕ್ಕೆ ಒಂದು, ಇಷ್ಟಿದ್ದರೆ ವರ್ಷವಿಡೀ ನಡೆಯುತ್ತದೆ. ಓದಲು ಯೂವರ್ಷನ್ ಬೈಬಲ್ ಆ್ಯಪ್ ಇದೆ, 2008ರಿಂದ ಇರುವುದು, ಉಚಿತ. ಕನ್ನಡವೂ ಸೇರಿ ಸಾವಿರಾರು ಅನುವಾದಗಳಿವೆ. ಒಂದೇ ವಚನವನ್ನು ಎರಡು ಅನುವಾದಗಳಲ್ಲಿ ನೋಡಿಸಿ, ಎಲ್ಲಿ ವ್ಯತ್ಯಾಸ ಎಂದು ಕೇಳಿ, ಅದೇ ಒಂದು ಪಾಠ ಆಗುತ್ತದೆ. ಹೊಸ ಪುಸ್ತಕ ಶುರು ಮಾಡುವಾಗ ಬೈಬಲ್‌ಪ್ರಾಜೆಕ್ಟ್‌ನ ಚಿತ್ರ ವಿಡಿಯೋ ಚೆನ್ನಾಗಿರುತ್ತದೆ, ಬೈಬಲಿನ ಒಂದೊಂದು ಪುಸ್ತಕದ ರಚನೆಯನ್ನೇ ಕೆಲವು ನಿಮಿಷಗಳಲ್ಲಿ ತೋರಿಸುತ್ತಾರೆ. ಅಭ್ಯಾಸಕ್ಕೆ ಕಹೂಟ್ ಎಂಬ ಕ್ವಿಜ್ ಆಟ, ಅಥವಾ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡ್ ತೋರಿಸುವ ಕ್ವಿಜ್ಲೆಟ್. ಎಲ್ಲವನ್ನೂ ನೀವು ಮೊದಲು ಪೂರ್ತಿ ನೋಡಿ. ಸುಮ್ನೆ ಕ್ಲಾಸಿನಲ್ಲೇ ಮೊದಲ ಸಲ ತೆರೆಯಬೇಡಿ.

ಪ್ರಶ್ನೆ: ನಾನು ಬೈಬಲ್ ಆ್ಯಪ್‌ನ ಸ್ಟ್ರೀಕ್ (ಒಂದು ದಿನವೂ ಬಿಡದೆ ಎಷ್ಟು ದಿನ ತೆರೆದರು ಎಂಬ ಎಣಿಕೆ) ನೋಡಿ ಇಂಟರ್ನಲ್ ಮಾರ್ಕ್ಸ್ ಕೊಡುತ್ತಿದ್ದೇನೆ. ಮಕ್ಕಳು ದಿನಾ ಓದಿದ್ದಕ್ಕೆ ಸ್ಕ್ರೀನ್‌ಶಾಟ್ ಕಳಿಸಬೇಕು. ಕೆಲವು ಪೋಷಕರು ಇದು ಸರಿಯಲ್ಲ ಅನ್ನುತ್ತಾರೆ. ಓದುವ ಅಭ್ಯಾಸ ಬೆಳೆಯಲಿ ಎನ್ನುವುದಷ್ಟೇ ನನ್ನ ಆಸೆ ಮೇಡಂ.

ಉತ್ತರ: ನಿಮ್ಮ ಆಸೆ ಒಳ್ಳೆಯದೇ ಸರ್. ಆದರೆ ಈ ವಿಷಯದಲ್ಲಿ ನಾನು ಪೋಷಕರ ಕಡೆ.

ಸ್ಟ್ರೀಕ್ ಲೆಕ್ಕ ಹಾಕುವುದು ಏನನ್ನು? ಆ ದಿನ ಆ್ಯಪ್ ತೆರೆದರೋ ಇಲ್ಲವೋ, ಅಷ್ಟನ್ನೇ. ರಾತ್ರಿ ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು ಒತ್ತಿದ ಹುಡುಗನಿಗೂ ಒಂದು ದಿನ ಸೇರುತ್ತದೆ. ಮನೆಯಲ್ಲಿ ಒಂದೇ ಫೋನ್ ಇದ್ದು ಅದನ್ನು ಅಪ್ಪ ಕೆಲಸಕ್ಕೆ ತೆಗೆದುಕೊಂಡು ಹೋಗುವ ಮನೆಯ ಹುಡುಗಿಗೆ ಸೊನ್ನೆ. ಅಜ್ಜಿ ಆಸ್ಪತ್ರೆಯಲ್ಲಿ ಇದ್ದಾಗ ಪಕ್ಕದಲ್ಲಿ ಕೂತು ನಿಜಕ್ಕೂ ಪ್ರಾರ್ಥನೆ ಮಾಡಿದ ಮಗುವಿನ ಸ್ಟ್ರೀಕ್ ಮುರಿದಿರುತ್ತದೆ, ಮಾರ್ಕ್ಸೂ ಹೋಗಿರುತ್ತದೆ. ಅದನ್ನು ಆ ಮಗು ಹೇಗೆ ತೆಗೆದುಕೊಳ್ಳುತ್ತದೆ ಯೋಚಿಸಿ.

ಇನ್ನೂ ದೊಡ್ಡ ವಿಷಯ ಒಂದಿದೆ. ಪ್ರಾರ್ಥನೆ ಮಾಡುವಾಗ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಯೇಸು ಹೇಳಿದ್ದು ಮತ್ತಾಯನ 6ನೇ ಅಧ್ಯಾಯದಲ್ಲಿದೆ. ಜನರಿಗೆ ಕಾಣಲಿ ಎಂದು ಭಕ್ತಿ ಮಾಡಬೇಡಿ ಎನ್ನುವುದು ಆ ಇಡೀ ಭಾಗದ ಮಾತು. ಅದೇ ಅಧ್ಯಾಯವನ್ನು ಮಕ್ಕಳಿಗೆ ಕಲಿಸುತ್ತಾ, ಓದಿದ್ದಕ್ಕೆ ಸ್ಕ್ರೀನ್‌ಶಾಟ್ ಕಳಿಸು ಎಂದರೆ ಮಕ್ಕಳು ಯಾವುದನ್ನು ನಂಬಬೇಕು? ಈ ವಯಸ್ಸಿನಲ್ಲಿ ಅವರು ಇಂಥದ್ದನ್ನು ಬೇಗ ಹಿಡಿಯುತ್ತಾರೆ. ಮಾತಾಡುವುದಿಲ್ಲ, ಆದರೆ ಹಿಡಿಯುತ್ತಾರೆ.

ತಿಳಿವಳಿಕೆಗೆ ಮಾರ್ಕ್ಸ್ ಕೊಡಿ, ಧಾರಾಳವಾಗಿ ಕೊಡಿ. ನಂಬಿಕೆಗೆ ಕೊಡಬೇಡಿ. 13ನೇ ಕೀರ್ತನೆ ಓದಲು ಹೇಳಿ, ಬರೀ ಆರು ವಚನ. 'ಎಷ್ಟರ ವರೆಗೆ' ಎಂದು ಶುರುವಿನಲ್ಲೇ ನಾಲ್ಕು ಸಲ ದೇವರನ್ನು ಕೇಳುತ್ತಾನೆ ಕೀರ್ತನೆಗಾರ. ಕೊನೆಗೆ ಬರುವಷ್ಟರಲ್ಲಿ ಹಾಡುತ್ತೇನೆ ಎನ್ನುತ್ತಾನೆ. ದನಿ ಎಲ್ಲಿ ಬದಲಾಯಿತು, ಯಾಕೆ ಬದಲಾಯಿತು ಎಂದು ನಿನಗೆ ಅನಿಸುತ್ತದೆ, ಐದು ಸಾಲು ಬರೆದು ತಾ. ಇದಕ್ಕೆ ಮಾರ್ಕ್ಸ್ ಹಾಕಬಹುದು. ಫೋನಿನಲ್ಲಿ ಓದಿದರೂ ಸರಿ, ಪುಸ್ತಕದಲ್ಲಿ ಓದಿದರೂ ಸರಿ. ಬದಲಾಗಲೇ ಇಲ್ಲ, ಅವನು ಸುಮ್ಮನೆ ಹಾಗೆ ಹೇಳುತ್ತಿದ್ದಾನೆ ಎಂದು ಒಬ್ಬ ಹುಡುಗ ಬರೆದರೂ ಕಾರಣ ಕೊಟ್ಟಿದ್ದರೆ ಪೂರ್ತಿ ಮಾರ್ಕ್ಸ್ ಕೊಡಿ ಸರ್, ಅವನು ನಿಜವಾಗಿ ಓದಿದ್ದಾನೆ.

ದಿನಾ ಅಭ್ಯಾಸ ಬೇಕಾದ ಭಾಗವೂ ಇದೆ. ಅರಸರ ಕ್ರಮ, ಪೌಲನ ಪ್ರಯಾಣಗಳು, ಪ್ರವಾದಿಗಳು ಯಾವ ಕಾಲದವರು ಎಂಬಂಥವು. ಅಲ್ಲಿ ಆ್ಯಪ್ ನಿಜಕ್ಕೂ ನಿಮಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಇನ್ನೊಂದು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಜಾಸ್ತಿ ನೆನಪಿತ್ತು, ಆದರೆ ಒಂದು ವಾರದ ನಂತರ, ನೋಡದೆ ನೆನಪಿಸಿಕೊಂಡು ಬರೆದವರೇ ಮುಂದಿದ್ದರು. ಆಂಕಿ, ಕ್ವಿಜ್ಲೆಟ್ ತರಹದ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳು ಮಾಡಿಸುವುದು ಇದನ್ನೇ. ಅಲ್ಲಿ ಸ್ಟ್ರೀಕ್ ಇದ್ದರೂ ಯಾರ ಭಕ್ತಿಗೂ ಸಂಬಂಧವಿಲ್ಲ.

ಪ್ರಶ್ನೆ: ನಮ್ಮ ಮಕ್ಕಳ ಹತ್ತಿರ ಫೋನೇ ಇಲ್ಲ. ಕ್ಲಾಸಿಗೆಲ್ಲ ಸೇರಿ ಇರುವುದು ನನ್ನ ಒಂದೇ ಮೊಬೈಲ್, ನೆಟ್ ಕೂಡ ಬಂದರೆ ಬಂತು. ಇದೆಲ್ಲ ನಮಗಲ್ಲ ಬಿಡಿ ಅನಿಸುತ್ತದೆ.

ಉತ್ತರ: ಹಾಗೆ ಅಂದುಕೊಳ್ಳಬೇಡಿ ಟೀಚರ್. ನಿಮ್ಮಂಥವರೇ ಜಾಸ್ತಿ. ಜಗತ್ತಿನ ಮೂರರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಮನೆಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಯುನಿಸೆಫ್ 2020ರಲ್ಲಿ ಹೇಳಿತ್ತು.

ಪ್ಲಿಕರ್ಸ್ ಎಂಬ ಆ್ಯಪ್ ನೋಡಿ. ಒಂದೊಂದು ಮಗುವಿಗೆ ಒಂದೊಂದು ಕಾಗದದ ಕಾರ್ಡ್, ಅದರ ಮೇಲೆ ಕಪ್ಪು ಚೌಕಗಳ ಗುರುತು. ಪ್ರತಿ ಕಾರ್ಡಿನ ಗುರುತು ಬೇರೆ. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ನೀವು ಪ್ರಶ್ನೆ ಕೇಳುತ್ತೀರಿ, ಮಕ್ಕಳು ತಮ್ಮ ಉತ್ತರದ ಅಂಚು ಮೇಲೆ ಬರುವ ಹಾಗೆ ಕಾರ್ಡ್ ತಿರುಗಿಸಿ ಎತ್ತಿ ಹಿಡಿಯುತ್ತಾರೆ. ನೀವು ನಿಮ್ಮ ಮೊಬೈಲ್ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಒಂದು ಸಲ ಆಡಿಸಿದರೆ ಯಾರು ಏನು ಹೇಳಿದರು ಎಂದು ನಿಮಗೆ ಮಾತ್ರ ಕಾಣುತ್ತದೆ. ಪಕ್ಕದವರ ಉತ್ತರ ನೋಡಿ ಎತ್ತುವುದು ಕಷ್ಟ, ಅಕ್ಷರ ಅಷ್ಟು ಸಣ್ಣದು. ಯಾವತ್ತೂ ಕೈ ಎತ್ತದ ಹಿಂದಿನ ಬೆಂಚಿನವರೂ ಉತ್ತರ ಕೊಡುತ್ತಾರೆ, ಅದೇ ನನಗೆ ತುಂಬಾ ಇಷ್ಟ.

ಇನ್ನೊಂದು, ಕೇಳಿಸುವುದು. ಬೈಬಲ್ ಡಾಟ್ ಈಸ್ ಎಂಬ ಆ್ಯಪ್‌ನಲ್ಲಿ ಸಾವಿರಕ್ಕೂ ಹೆಚ್ಚು ಭಾಷೆಗಳಲ್ಲಿ ಓದಿದ ಧ್ವನಿ ಇದೆ. ನೆಟ್ ಇರುವ ಕಡೆ ಮೊದಲೇ ಇಳಿಸಿಕೊಂಡು ಬನ್ನಿ, ಒಂದು ಸಣ್ಣ ಸ್ಪೀಕರ್ ಸಿಕ್ಕಿದರೆ ಸಾಕು. ಪೌಲನ ಪತ್ರಗಳನ್ನು ಮೊದಲು ಸಭೆಗಳಲ್ಲಿ ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದರು, ಜನ ಕೂತು ಕೇಳುತ್ತಿದ್ದರು. ನಿಮ್ಮ ಮಕ್ಕಳೂ ಪುಸ್ತಕ ಮುಚ್ಚಿ ಹಾಗೇ ಕೇಳಲಿ.

ಪ್ರಶ್ನೆ: ಆಂಟಿ, ನಾನು ಕ್ಯಾಥೊಲಿಕ್. ಕ್ಲಾಸಿನಲ್ಲಿ ಕ್ವಿಜ್ ಆ್ಯಪ್‌ನಲ್ಲಿ ಬೈಬಲ್‌ನಲ್ಲಿ ಎಷ್ಟು ಪುಸ್ತಕ ಇವೆ ಅಂತ ಕೇಳಿತು. ನಾನು 73 ಒತ್ತಿದೆ. ದೊಡ್ಡ ಸ್ಕ್ರೀನ್ ಮೇಲೆ ಕೆಂಪಗೆ ತಪ್ಪು ಅಂತ ಬಂತು, ಎಲ್ಲರೂ ನಕ್ಕರು. ನಮ್ಮ ಬೈಬಲ್ ತಪ್ಪಾ?

ಉತ್ತರ: ಇಲ್ಲ ಮಗು, ನೀನು ಹೇಳಿದ್ದು ಸರಿ. ಕ್ಯಾಥೊಲಿಕ್ ಬೈಬಲ್‌ನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 66. ತೊಬೀತ, ಯೂದಿತ, ಮಕ್ಕಬಿಯರ ಎರಡು ಪುಸ್ತಕಗಳು, ಹೀಗೆ ಹಳೆಯ ಒಡಂಬಡಿಕೆಯ ಏಳು ಪುಸ್ತಕಗಳ ವ್ಯತ್ಯಾಸ ಅದು. ಆರ್ಥೊಡಾಕ್ಸ್ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಇನ್ನೂ ಹೆಚ್ಚಿವೆ. ಆ ಪ್ರಶ್ನೆ ಬರೆದವರಿಗೆ ತಮ್ಮ ಸಭೆಯ ಲೆಕ್ಕ ಮಾತ್ರ ಗೊತ್ತಿತ್ತು, ಅಷ್ಟೇ. ನಿಮ್ಮ ಟೀಚರ್ ಹತ್ತಿರ ಹೋಗಿ ಇದನ್ನು ಹೇಳು, ಮುಂದಿನ ಕ್ಲಾಸಿನಲ್ಲಿ ಎರಡು ಮಾತು ಹೇಳಲು ಅವಕಾಶ ಕೊಡಿ ಎಂದು ಕೇಳು. ನಾಚಿಕೊಳ್ಳಬೇಡ.

ಈಗ ಟೀಚರ್‌ಗಳಿಗೆ ಒಂದು ಮಾತು. ಬೇರೆಯವರು ಮಾಡಿಟ್ಟ ಕ್ವಿಜ್‌ಗಳನ್ನು ಹಾಗೇ ಎತ್ತಿ ಹಾಕಬೇಡಿ. ತಂದೆತಾಯಿಯನ್ನು ಗೌರವಿಸು ಎನ್ನುವುದು ಎಷ್ಟನೇ ಆಜ್ಞೆ? ಕ್ಯಾಥೊಲಿಕರಿಗೆ, ಲೂಥರನ್ನರಿಗೆ ನಾಲ್ಕನೆಯದು, ಬೇರೆ ಬಹುಪಾಲು ಪ್ರೊಟೆಸ್ಟೆಂಟರಿಗೆ ಐದನೆಯದು. 'ಯೆಹೋವನು ನನಗೆ ಕುರುಬನು' ಎಂಬ 23ನೇ ಕೀರ್ತನೆ ಹಳೆಯ ಗ್ರೀಕ್, ಲ್ಯಾಟಿನ್ ಬೈಬಲ್‌ಗಳ ಎಣಿಕೆಯಲ್ಲಿ 22ನೆಯದು. ಯೇಸುವನ್ನು ನೋಡಲು ಬಂದ ಜೋಯಿಸರು ಮೂವರು ಎಂದು ಎಷ್ಟೋ ಕ್ವಿಜ್‌ಗಳು ಹೇಳುತ್ತವೆ. ಮತ್ತಾಯನಲ್ಲಿ ಕಾಣಿಕೆಗಳು ಮೂರು, ಬಂದವರು ಎಷ್ಟು ಜನ ಎಂದು ಎಲ್ಲೂ ಇಲ್ಲ. ಆದಾಮ ಹವ್ವೆಯರು ತಿಂದದ್ದು ಸೇಬು ಎಂದೂ ಆದಿಕಾಂಡ ಹೇಳುವುದಿಲ್ಲ, ಬರೀ ಹಣ್ಣು. ಪ್ರಶ್ನೆಗಳನ್ನು ನೀವೇ ಬರೆಯಿರಿ, ಇಲ್ಲದಿದ್ದರೆ ಮಕ್ಕಳ ಕೈಯಲ್ಲಿ ಬರೆಸಿ. ಪ್ರತಿ ಪ್ರಶ್ನೆಗೂ ಅಧ್ಯಾಯ, ವಚನ ಕೊಡಬೇಕು ಎಂಬ ನಿಯಮ ಹಾಕಿದರೆ ಅವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಓದುತ್ತಾರೆ.

ಕಹೂಟ್‌ನಲ್ಲಿ ಬೇಗ ಒತ್ತಿದವರಿಗೆ ಅಂಕ ಜಾಸ್ತಿ. ಬೈಬಲ್ ಪಾಠದಲ್ಲಿ ಆ ಓಟ ಯಾಕೆ? ಪ್ರಶ್ನೆಗೆ ಅಂಕವೇ ಬೇಡ ಎಂದು ಬದಲಿಸುವ ಅವಕಾಶ ಅದರಲ್ಲೇ ಇದೆ. ಗುಂಪು ಮಾಡಿ ಆಡಿಸಿದರೆ ಒಂದು ಮಗುವನ್ನೇ ಎಲ್ಲರ ಮುಂದೆ ನಿಲ್ಲಿಸಿದ ಹಾಗೆ ಆಗುವುದಿಲ್ಲ.

ಪ್ರಶ್ನೆ: ಮಗಳು ಬೈಬಲ್ ಓದುತ್ತಿದ್ದೇನೆ ಅಮ್ಮ ಎಂದು ಫೋನ್ ಹಿಡಿದು ಕೂರುತ್ತಾಳೆ. ಹತ್ತು ನಿಮಿಷ ಬಿಟ್ಟು ನೋಡಿದರೆ ರೀಲ್ಸ್. ಫೋನ್ ಕಿತ್ತುಕೊಳ್ಳಲಾ?

ಉತ್ತರ: ಬೇಡಮ್ಮ. ಓದಲು ಕೂತಳು ಎನ್ನುವುದು ಸುಳ್ಳಾಗಿರಲಿಕ್ಕಿಲ್ಲ, ಮಧ್ಯೆ ಒಂದು ನೋಟಿಫಿಕೇಷನ್ ಬಂದಿರುತ್ತದೆ, ಅಲ್ಲಿಂದ ಜಾರಿರುತ್ತಾಳೆ. ದೊಡ್ಡವರಿಗೂ ಆಗುತ್ತದಲ್ವಾ. ಶಾಲೆಯ ಓದು ಅಡುಗೆಮನೆಯ ಹತ್ತಿರವೋ ಹಾಲ್‌ನಲ್ಲೋ ನಡೆಯಲಿ, ನೋಟಿಫಿಕೇಷನ್ ಬಂದ್ ಇರಲಿ. ಕೆಲವು ದಿನ ನೀವೂ ಪಕ್ಕದಲ್ಲಿ ಕೂತು, ಇವತ್ತು ಏನು ಓದಿದೆ, ನನಗೂ ಓದಿ ಹೇಳು ಎನ್ನಿ. ಕಾವಲಿಗೆ ಕೂತ ಹಾಗೆ ಕೂರಬೇಡಿ, ಅವಳಿಗೆ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಹಳೆಯ ಕಾಲದವನು. ಆ್ಯಪ್‌ನಲ್ಲಿ ದಿನಕ್ಕೊಂದು ವಚನ ಬರುತ್ತದೆ, ಮೊಮ್ಮಕ್ಕಳು ಅದನ್ನು ಸ್ಟೇಟಸ್‌ಗೆ ಹಾಕುತ್ತಾರೆ. ಇದು ಬೈಬಲ್ ಓದಿದ ಹಾಗೇನಮ್ಮಾ?

ಉತ್ತರ: ಅಜ್ಜ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ದಿನದ ವಚನ ಕೆಟ್ಟದ್ದಲ್ಲ, ಆದರೆ ಅದೊಂದೇ ಆದರೆ ತೊಂದರೆ. ಬೈಬಲ್ ಬರೆದಾಗ ಅಧ್ಯಾಯ, ವಚನದ ನಂಬರ್ ಇರಲಿಲ್ಲ. ಈಗಿನ ಅಧ್ಯಾಯಗಳು 13ನೇ ಶತಮಾನದ ಸ್ಟೀಫನ್ ಲ್ಯಾಂಗ್ಟನ್ ಅವರ ಕೆಲಸ ಎನ್ನುತ್ತಾರೆ. ಹೊಸ ಒಡಂಬಡಿಕೆಗೆ ಈಗ ನಾವು ಬಳಸುವ ವಚನದ ನಂಬರ್ ಕೊಟ್ಟದ್ದು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲವಾಗಲಿ ಎಂದು ಮಾಡಿದ್ದನ್ನು ಆ್ಯಪ್‌ಗಳು ಕತ್ತರಿಸಿ ತೆಗೆಯಲು ಬಳಸುತ್ತಿವೆ.

'ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ' ಎಂಬ ಫಿಲಿಪ್ಪಿ 4:13ನ್ನು ಮಕ್ಕಳು ಪರೀಕ್ಷೆಗೂ ಪಂದ್ಯಕ್ಕೂ ಹಾಕಿಕೊಳ್ಳುತ್ತಾರೆ. ಮೇಲಿನ ಎರಡು ವಚನ ಓದಿದರೆ ಪೌಲ ಹೇಳುತ್ತಿರುವುದು ಗೆಲುವಿನ ಮಾತಲ್ಲ. ಹಸಿವಿದ್ದರೂ ಹೊಟ್ಟೆ ತುಂಬಿದ್ದರೂ ಇರುವುದರಲ್ಲಿ ಇರುವುದನ್ನು ಕಲಿತಿದ್ದೇನೆ ಎನ್ನುತ್ತಿದ್ದಾನೆ, ಅದೂ ಸೆರೆಯಲ್ಲಿದ್ದುಕೊಂಡು. ಮೊಮ್ಮಕ್ಕಳು ಸ್ಟೇಟಸ್ ಹಾಕಿದ ದಿನ, ಅದರ ಮೇಲೆ ಐದು ವಚನ, ಕೆಳಗೆ ಐದು ವಚನ ನನಗೆ ಓದಿ ಹೇಳಿ ಮಕ್ಕಳೇ ಎಂದು ಕೇಳಿ ನೋಡಿ. ನೀವು ಕೇಳಿದರೆ ಅವರು ಓದುತ್ತಾರೆ.

ಪ್ರಶ್ನೆ: ಎಐ ಆ್ಯಪ್ ಕೇಳಿ ಅಸೈನ್‌ಮೆಂಟ್ ಬರೆದೆ. ಅದರಲ್ಲಿದ್ದ ಒಂದು ವಚನ ಬೈಬಲ್‌ನಲ್ಲೇ ಇಲ್ಲ ಅಂತ ಸರ್ ವಾಪಸ್ ಕೊಟ್ಟರು. ಅಷ್ಟು ಸರಿಯಾಗಿ ನಂಬರ್ ಕೂಡ ಕೊಟ್ಟಿತ್ತು!

ಉತ್ತರ: ಎಐಗೆ ಎಲ್ಲ ವಚನವೂ ಸರಿಯಾಗಿ ನೆನಪಿರುವುದಿಲ್ಲಪ್ಪ, ವಚನದ ಹಾಗೆ ಕೇಳಿಸುವ ವಾಕ್ಯ ಕಟ್ಟುವುದು ಗೊತ್ತು. ನಂಬರನ್ನೂ ಹಾಗೇ ಕಟ್ಟಿಬಿಡುತ್ತದೆ. 'ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ' ಎನ್ನುವುದನ್ನು ಮನುಷ್ಯರೇ ಬೈಬಲ್ ಮಾತು ಎಂದುಕೊಂಡಿದ್ದಾರೆ, ಅದು ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಯಾವ ವಚನ ಸಿಕ್ಕರೂ ಬೈಬಲ್ ತೆರೆದು ಆ ಜಾಗ ನೋಡು, ಅರ್ಧ ನಿಮಿಷದ ಕೆಲಸ. ಸಾರಾಂಶಕ್ಕೆ, ಪ್ರಶ್ನೆ ತಯಾರಿಸಲು ಎಐ ಕೇಳಿದರೆ ಕೇಳು, ಕೇಳಿದ್ದೇನೆ ಎಂದು ಸರ್‌ಗೂ ಹೇಳು. 'ನಿನ್ನ ಅಭಿಪ್ರಾಯ ಬರೆ' ಎಂಬ ಕಡೆ ಮಾತ್ರ ನೀನೇ ಬರೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಕ್ಕಳಿಂದ ಆ್ಯಪ್‌ನಲ್ಲೇ ಪ್ರಾರ್ಥನೆಯ ಡೈರಿ ಬರೆಸಬೇಕು ಎಂಬ ಯೋಚನೆ ಇದೆ. ಬೇರೆ ಧರ್ಮದ ಮಕ್ಕಳೂ ಕ್ಲಾಸಿನಲ್ಲಿ ಇದ್ದಾರೆ. ಏನು ಹೇಳುತ್ತೀರಿ?

ಉತ್ತರ: ಬರೆಸಬೇಡಿ. ಈ ವಯಸ್ಸಿನ ಮಗು ಪ್ರಾರ್ಥನೆಯಲ್ಲಿ ಏನು ಬರೆಯುತ್ತದೆ? ಮನೆಯ ಜಗಳ, ಅಪ್ಪನ ಕುಡಿತ, ತನ್ನ ದೇಹದ ಬಗೆಗಿನ ಸಂಕಟ. ಅದೆಲ್ಲ ಎಲ್ಲೋ ಒಂದು ಕಂಪನಿಯ ಸರ್ವರ್‌ನಲ್ಲಿ ಮಗುವಿನ ಹೆಸರಿನ ಜೊತೆ ಕೂರುತ್ತದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಡೇಟಾ ರಕ್ಷಣೆಯ ಕಾನೂನು, ಒಬ್ಬರ ಧಾರ್ಮಿಕ ನಂಬಿಕೆಯ ಮಾಹಿತಿಯನ್ನು ಆರೋಗ್ಯದ ಮಾಹಿತಿಯ ಸಾಲಿನಲ್ಲೇ ಇಟ್ಟು ಹೆಚ್ಚಿನ ಕಾಪು ಕೊಟ್ಟಿದೆ, ಸುಮ್ನೆ ಅಲ್ಲ. ಅಮೆರಿಕದ 1998ರ ಕಾನೂನಿನ ಪ್ರಕಾರ ಹದಿಮೂರು ತುಂಬದ ಮಕ್ಕಳ ಮಾಹಿತಿ ತೆಗೆದುಕೊಳ್ಳಲು ಪೋಷಕರ ಒಪ್ಪಿಗೆ ಬೇಕು. ಡೈರಿ ಬರೆಸಲೇಬೇಕು ಅಂದರೆ ನೋಟ್‌ಬುಕ್ ಇದೆ. ಅದನ್ನೂ ನೀವು ಓದಬೇಡಿ, ಮಗುವೇ ತೋರಿಸಿದರೆ ಮಾತ್ರ ನೋಡಿ.

ಬೇರೆ ಧರ್ಮದ ಮಕ್ಕಳ ವಿಷಯ. ಹೆಚ್ಚಿನ ಬೈಬಲ್ ಆ್ಯಪ್‌ಗಳನ್ನು ಸಭೆಗಳು, ಮಿಷನ್ ಸಂಸ್ಥೆಗಳು ಭಕ್ತಿಗಾಗಿ ಮಾಡಿವೆ. ಅವು ಓದುವವರನ್ನು ವಿಶ್ವಾಸಿ ಎಂದೇ ಎಣಿಸಿ ಮಾತಾಡುತ್ತವೆ. ಶಾಲೆಯ ಪಾಠ ಹಾಗಿರಬಾರದು. ಮೈಕಲ್ ಗ್ರಿಮಿಟ್ ಎಂಬ ಬ್ರಿಟಿಷ್ ಶಿಕ್ಷಣ ತಜ್ಞರು ಧರ್ಮದ ಬಗ್ಗೆ ಕಲಿಯುವುದು ಬೇರೆ, ಧರ್ಮದಿಂದ ಕಲಿಯುವುದು ಬೇರೆ ಎಂದು ಬಿಡಿಸಿ ಹೇಳಿದ್ದರು. ಎರಡಕ್ಕೂ ನಂಬಲೇಬೇಕು ಎಂಬ ಷರತ್ತಿಲ್ಲ. ಆ್ಯಪ್‌ನಲ್ಲಿ ಪಠ್ಯ, ನಕ್ಷೆ, ಧ್ವನಿ ಮಾತ್ರ ಬಳಸಿ, ಪ್ರಾರ್ಥನೆ, ಪ್ರತಿಜ್ಞೆ, ಗೆಳೆಯರಿಗೆ ಹಂಚುವ ಭಾಗಗಳನ್ನು ಕ್ಲಾಸಿನ ಹೊರಗೆ ಬಿಡಿ. ಅಕೌಂಟ್ ಇಲ್ಲದೆ ಬಳಸಲು ಬಂದರೆ ಅಕೌಂಟ್ ಮಾಡಿಸಲೇಬೇಡಿ. ಮಾಡಿಸಲೇಬೇಕಾದ ಆ್ಯಪ್ ಆದರೆ ಶುರು ಮಾಡುವ ಮುಂಚೆ ಎಲ್ಲ ಪೋಷಕರಿಗೂ ಒಂದು ಪುಟದ ಪತ್ರ ಕಳಿಸಿ: ಯಾವ ಆ್ಯಪ್, ಯಾರು ಮಾಡಿದ್ದು, ಏನು ಮಾಹಿತಿ ಕೇಳುತ್ತದೆ, ಬೇಡ ಎನ್ನುವ ಮಗುವಿಗೆ ಅದೇ ಪಾಠ ಬೇರೆ ಹೇಗೆ ಸಿಗುತ್ತದೆ. ಆ ಪತ್ರ ಬರೆಯಲು ಕೂತಾಗ ಯಾವುದಾದರೂ ಒಂದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲ ಅನಿಸಿದರೆ, ಆ ಆ್ಯಪ್ ಈ ವರ್ಷ ಬೇಡ.